ಮೂಲೆಯ ಊರನ್ನು ಆರಿಸಿಕೊಂಡವರು: ಹೆರ್ಮನ್ ಮೋಗ್ಲಿಂಗ್ ಅಯ್ಯನವರ ಜೀವನ ವೃತ್ತಾಂತ

ಶಿಕಾರಿಪುರ ಮತ್ತು ಸೊರಬ ಸೀಮೆಗಳ ಒಳಹಳ್ಳಿಗಳಲ್ಲಿ ವಾಸಿಸುವ ನಮ್ಮ ಸಭೆಯವರು ಕೆಲವು ವೇಳೆ ಮನಸ್ಸಿನಲ್ಲಿ ನೊಂದುಕೊಳ್ಳುವುದುಂಟು. ತಮ್ಮದು ಮೂಲೆಯ ಊರು. ಮಳೆಗಾಲದಲ್ಲಿ ಹಳ್ಳಕೊಳ್ಳಗಳು ತುಂಬಿದರೆ ಬೋಧಕರು ಬರುವುದು ತಡವಾಗುತ್ತದೆ. ಆರಾಧನೆಗೆ ಕೂಡುವವರು ನಾಲ್ಕಾರು ಮನೆಯವರು ಮಾತ್ರ. ಓದು ಕಲಿತ ಮಕ್ಕಳು ಶಿವಮೊಗ್ಗೆಗೋ ಬೆಂಗಳೂರಿಗೋ ಹೋಗಿ ಅಲ್ಲಿಯೇ ನೆಲಸುತ್ತಾರೆ. ಹೀಗಿರಲಾಗಿ, ಪಟ್ಟಣದ ದೊಡ್ಡ ಸಭೆಗಳ ಮುಂದೆ ನಮ್ಮದು ಯಾವ ಲೆಕ್ಕ ಎಂಬ ಚಿಂತೆಯು ಹುಟ್ಟುವುದು ಸಹಜವೇ.

ಆದರೆ ಊರಿನ ದೊಡ್ಡತನವೂ ಸಣ್ಣತನವೂ ಶಾಶ್ವತವಲ್ಲವೆಂಬುದಕ್ಕೆ ನಮ್ಮ ಸೀಮೆಯ ಕಲ್ಲುಗಳೇ ಸಾಕ್ಷಿ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯು ಇಂದು ಗದ್ದೆ ಕೆರೆಗಳ ನಡುವಿನ ಒಂದು ಶಾಂತವಾದ ಹಳ್ಳಿ. ಎಂಟು ನೂರು ವರ್ಷಗಳ ಹಿಂದೆ ಅದು ಬನವಾಸಿ ಪನ್ನಿಚ್ಛಾಸಿರಕ್ಕೆ ರಾಜಧಾನಿಯಾಗಿತ್ತು. ಅಲ್ಲಿಯ ಕೋಡಿಯ ಮಠದಲ್ಲಿ ವಿದ್ಯೆ ಕಲಿಸುತ್ತಿದ್ದರೆಂದೂ ಬಡವರಿಗೆ ಅನ್ನವನ್ನು, ರೋಗಿಗಳಿಗೆ ಔಷಧವನ್ನು ಕೊಡುತ್ತಿದ್ದರೆಂದೂ 1162ನೇ ಇಸವಿಯ ಶಾಸನವು ತಿಳಿಸುತ್ತದೆ. ಈ ಸೀಮೆಗಳ ಶಾಸನಗಳನ್ನು ಓದಿ 1902 ಮತ್ತು 1904ನೇ ಇಸವಿಗಳಲ್ಲಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಎಂಬವರು ಬೆಂಗಳೂರಿನಲ್ಲಿದ್ದ ಒಬ್ಬ ಮಿಶನರಿಯ ಮಗ. ರಾಜಧಾನಿಯು ಹಳ್ಳಿಯಾಯಿತು, ಆದರೂ ಅಲ್ಲಿ ನಡೆದ ಅನ್ನದಾನದ, ವಿದ್ಯಾದಾನದ ನೆನಪು ಕಲ್ಲಿನಲ್ಲಿ ಉಳಿಯಿತು. ಹಾಗಾದರೆ ಒಂದು ಊರಿಗೆ ಬೆಲೆ ಬರುವುದು ಅದರ ಜನಸಂಖ್ಯೆಯಿಂದಲೋ, ಅಲ್ಲಿ ನಡೆಯುವ ಕೆಲಸದಿಂದಲೋ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಪಟ್ಟಣದಲ್ಲಿ ಹೆಸರನ್ನು ಪಡೆದಿದ್ದರೂ ಅದನ್ನು ಬಿಟ್ಟು ಕಾಡಿನ ಸೀಮೆಯೊಂದಕ್ಕೆ ತಾವಾಗಿಯೇ ಹೋದ ಒಬ್ಬ ಬೋಧಕರ ಚರಿತ್ರೆಯನ್ನು ಹೇಳುತ್ತೇವೆ. ಅವರೇ ಹೆರ್ಮನ್ ಮೋಗ್ಲಿಂಗ್ ಅಯ್ಯನವರು.

ಮೋಗ್ಲಿಂಗರು 1811ನೇ ಇಸವಿಯ ಮೇ ತಿಂಗಳಲ್ಲಿ ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಜ್ಞಾನಶಾಸ್ತ್ರವನ್ನು ಓದಿದರು. ತಮ್ಮ ದೇಶದಲ್ಲಿಯೇ ಒಳ್ಳೆಯ ಸಭೆಯೊಂದನ್ನು ವಹಿಸಿಕೊಂಡು ಸುಖವಾಗಿ ಇರುವ ಯೋಗ್ಯತೆಯು ಅವರಿಗಿತ್ತು. ಆದರೂ ಅವರು ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ನಿಗೆ ತಮ್ಮನ್ನು ಒಪ್ಪಿಸಿಕೊಟ್ಟರು. ಆ ಮಿಶನ್ನಿನವರು ಮಂಗಳೂರಿನಲ್ಲಿ ಕೆಲಸವನ್ನು ಆರಂಭಿಸಿದ್ದು 1834ರಲ್ಲಿ. ಮೋಗ್ಲಿಂಗರು ಅಲ್ಲಿಗೆ ಬಂದು ಸೇರಿದ್ದು 1836ರಲ್ಲಿ. ಆಗ ಅವರಿಗೆ ಇಪ್ಪತ್ತೈದು ವರ್ಷ ವಯಸ್ಸು.

ಬಂದವರು ಮೊದಲು ಕನ್ನಡವನ್ನು ಕಲಿತರು. ಸರಕಾರದ ಕಚೇರಿಗೆ ಬೇಕಾದಷ್ಟು ಮಾತ್ರ ಕಲಿತು ತೃಪ್ತರಾಗಲಿಲ್ಲ. ಜನರು ಮನೆಯಲ್ಲಿಯೂ ಗದ್ದೆಯಲ್ಲಿಯೂ ಆಡುವ ಗಾದೆಗಳನ್ನು ಕೂಡಿಸಿದರು, ದಾಸರ ಪದಗಳನ್ನು ಕೇಳಿ ಬರೆಯಿಸಿದರು. 1843ನೇ ಇಸವಿಯ ಜುಲೈ 1ರಂದು ಅವರು ಕಲ್ಲಚ್ಚಿನಲ್ಲಿ ಮಂಗಳೂರ ಸಮಾಚಾರ ಎಂಬ ಪತ್ರಿಕೆಯನ್ನು ಹೊರಡಿಸಿದರು. ಕನ್ನಡದಲ್ಲಿ ವರ್ತಮಾನಪತ್ರಿಕೆ ಎಂಬುದು ಹುಟ್ಟಿದ್ದು ಅಂದೇ. ಆದಕಾರಣ ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಪತ್ರಿಕೆಯು ಮರುವರ್ಷ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವೆಂಬ ಹೆಸರನ್ನು ಪಡೆಯಿತು. 1848ರಿಂದ ಮುಂದಕ್ಕೆ ಅವರು ಹಳೆಯ ಕನ್ನಡ ಗ್ರಂಥಗಳನ್ನು ಒಂದೊಂದಾಗಿ ಅಚ್ಚಿಗೆ ತಂದರು. ಜೈಮಿನಿ ಭಾರತವೂ ಬಸವಪುರಾಣವೂ ದಾಸರ ಪದಗಳೂ ಆ ಸಾಲಿನಲ್ಲಿ ಬಂದವು. ತಾವು ನಂಬದ ಮತಗಳ ಗ್ರಂಥಗಳನ್ನು ಇಷ್ಟು ಶ್ರಮಪಟ್ಟು ಅಚ್ಚು ಹಾಕಿಸುವುದೇಕೆ ಎಂದು ಕೇಳುವವರು ಇರಬಹುದು. ಯಾವ ಜನರ ನಡುವೆ ಬಾಳಬೇಕೋ ಆ ಜನರ ಹೃದಯವನ್ನು ಅರಿಯದೆ ಅವರಿಗೆ ಏನನ್ನೂ ಕಲಿಸಲಾಗದು; ಮೋಗ್ಲಿಂಗರ ನಡತೆಯೇ ಇದಕ್ಕೆ ಉತ್ತರ.

ಅವರು ಮಂಗಳೂರಿನಲ್ಲಿ ಉಪದೇಶಕರನ್ನು ತರಬೇತು ಮಾಡುವ ಶಾಲೆಯನ್ನು ನಡಿಸಿದರು. ಅಲ್ಲಿಯ ಹುಡುಗರೊಡನೆ ಒಂದೇ ಮನೆಯಲ್ಲಿ ವಾಸಿಸಿ, ಅವರು ಉಣ್ಣುವುದನ್ನೇ ತಾವೂ ಉಂಡರು. 1844ನೇ ಇಸವಿಯ ಜನವರಿ 6ರಂದು ಮೂವರು ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಹೊಂದಿದಾಗ ಪಟ್ಟಣವೆಲ್ಲಾ ಕಲಕಿಹೋಯಿತು. ಆ ಮೂವರಲ್ಲಿ ಒಬ್ಬನು ಆನಂದರಾವ್ ಕೌಂಡಿನ್ಯ. ಅವನು ತನ್ನ ಗುರುವಿನ ಹೆಸರನ್ನು ಧರಿಸಿ ಹೆರ್ಮನ್ ಆನಂದರಾವ್ ಎಂದು ಕರೆಯಲ್ಪಟ್ಟನು. 1846ರಲ್ಲಿ ಮೋಗ್ಲಿಂಗರು ಅವನನ್ನು ಯುರೋಪಿಗೆ ಕರೆದುಕೊಂಡು ಹೋಗಿ ಬಾಸೆಲಿನ ಶಾಲೆಯಲ್ಲಿ ಓದಲು ಬಿಟ್ಟರು. 1851ರಲ್ಲಿ ಅವನು ಬೋಧಕನಾಗಿ ಅಭಿಷಿಕ್ತನಾಗಿ ಸ್ವದೇಶಕ್ಕೆ ಹಿಂತಿರುಗಿದನು. ಈ ಕೌಂಡಿನ್ಯರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಕಾಡಿನ ಸಭೆಗೆ ಇವರೇ ನೆಲವನ್ನು ಒದಗಿಸಿಕೊಟ್ಟರು.

ಹಳ್ಳಿಯ ಕೆಲಸದಲ್ಲಿ ಮೋಗ್ಲಿಂಗರಿಗೆ ಅದಕ್ಕೆ ಮುಂಚೆಯೇ ಒಂದು ಕಹಿಯಾದ ಅನುಭವವು ಆಗಿತ್ತು. ಧಾರವಾಡ ಪ್ರಾಂತದಲ್ಲಿ ಕಾಲಜ್ಞಾನದ ಮಾತುಗಳನ್ನು ನಂಬಿ ಹೊಸ ಕಾಲವೊಂದನ್ನು ಎದುರುನೋಡುತ್ತಿದ್ದ ಬಹು ಜನರು ಮಿಶನರಿಗಳ ಬಳಿಗೆ ಬಂದರು. ಅವರಿಗಾಗಿ 1841ರಲ್ಲಿ ಗದಗಿನ ಹತ್ತಿರ ಮಲಸಮುದ್ರದಲ್ಲಿ ಒಕ್ಕಲುತನದ ಊರೊಂದನ್ನು ಏರ್ಪಡಿಸಲಾಯಿತು. ನೆಲವು ಸಿದ್ಧವಾಯಿತು, ಆದರೆ ಬರುತ್ತೇವೆಂದಿದ್ದವರಲ್ಲಿ ಹೆಚ್ಚಿನವರು ಬರಲಿಲ್ಲ. ದೊಡ್ಡ ಗುಂಪನ್ನು ಎಣಿಸಿಕೊಂಡು ಆರಂಭಿಸಿದ ಕೆಲಸವು ಹೀಗೆ ಸಣ್ಣದಾಯಿತು. ಗುಂಪನ್ನು ನಂಬಿ ಹೊರಡಬಾರದೆಂಬ ಪಾಠವನ್ನು ಇದರಿಂದ ಕಲಿಯುವಂತಿತ್ತು. ಮುಂದಿನ ಸಾರಿ ಅವರು ಹೊರಟದ್ದು ಒಬ್ಬನೇ ಮನುಷ್ಯನಿಗಾಗಿ.

1852ರ ಕಡೆಯಲ್ಲಿ ಮೋಗ್ಲಿಂಗರು ಮಂಗಳೂರಿನ ಕೆಲಸವನ್ನು ಬಿಟ್ಟು ಹೊರಡುವ ಯೋಚನೆಯಲ್ಲಿದ್ದರು. ಹದಿನಾರು ವರ್ಷಗಳ ದುಡಿತದಿಂದ ಶರೀರವೂ ಬಳಲಿತ್ತು. ಅಷ್ಟರಲ್ಲಿ ಕೊಡಗಿನಿಂದ ಅಲಮಂಡ ಮನೆತನದ ಸೋಮಯ್ಯ ಎಂಬವನು ಬಂದು ದೀಕ್ಷಾಸ್ನಾನವನ್ನು ಕೇಳಿಕೊಂಡನು. 1853ನೇ ಇಸವಿಯ ಜನವರಿ 6ರಂದು ಅವನು ಸ್ತೆಫನ ಎಂಬ ಹೆಸರಿನಿಂದ ದೀಕ್ಷಾಸ್ನಾನ ಹೊಂದಿದನು. ಈಗ ಅವನು ಎಲ್ಲಿಗೆ ಹೋಗಬೇಕು? ಮಂಗಳೂರಿನಲ್ಲಿಯೇ ಇದ್ದರೆ ಸಭೆಯವರ ಆಸರೆಯಲ್ಲಿ ಬದುಕಬಹುದಾಗಿತ್ತು. ಆದರೆ ಅವನ ಹೆಂಡತಿ ಮಕ್ಕಳು, ಮನೆ, ಗದ್ದೆ ಎಲ್ಲವೂ ಬೆಟ್ಟದ ಮೇಲಿನ ಆ ದೂರದ ಸೀಮೆಯಲ್ಲಿದ್ದವು. ಕೊಡವರಲ್ಲಿ ಮನೆತನದಿಂದ ಹೊರಗಾದವನಿಗೆ ನೆಲೆಯಿಲ್ಲ. ಒಬ್ಬನೇ ಹಿಂತಿರುಗಿದರೆ ಅವನ ಗತಿಯೇನು ಎಂದು ಯೋಚಿಸಿ ಮೋಗ್ಲಿಂಗರು ತಮ್ಮ ಪ್ರಯಾಣದ ಆಲೋಚನೆಯನ್ನು ಬದಿಗಿಟ್ಟು ಅವನೊಡನೆ ಕೊಡಗಿಗೆ ಹೊರಟರು.

ಕೊಡಗಿನಲ್ಲಿ ಠಾಣ್ಯವನ್ನು ತೆರೆಯಬೇಕೆಂದು ಬಾಸೆಲಿನ ಹಿರಿಯರು ಗೊತ್ತುಮಾಡಿರಲಿಲ್ಲ. ಆದಕಾರಣ ಮೋಗ್ಲಿಂಗರು ತಮ್ಮ ಹೊಣೆಯ ಮೇಲೆಯೇ ಹೋದರು. ಸ್ನೇಹಿತರು ಕೊಟ್ಟ ಸಹಾಯದಿಂದ ದಿನ ಕಳೆದರು. ಆ ಸೀಮೆಯು 1834ರಲ್ಲಿ ಇಂಗ್ಲಿಷರ ಕೈಸೇರಿತ್ತು. ಅಲ್ಲಿಯ ಕಡೆಯ ಅರಸನಾದ ಚಿಕ್ಕ ವೀರರಾಜೇಂದ್ರನು ಇಂಗ್ಲೆಂಡಿಗೆ ಹೋಗಿದ್ದನು. ಅವನ ಮಗಳಾದ ಗೌರಮ್ಮಳು 1852ನೇ ಇಸವಿಯ ಜೂನ್ 30ರಂದು ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ದೀಕ್ಷಾಸ್ನಾನ ಹೊಂದಿದ ಸುದ್ದಿಯು ಎಲ್ಲೆಡೆ ಹಬ್ಬಿತ್ತು. ಒಂದು ಕಡೆ ಅರಮನೆಯಲ್ಲಿ ರಾಜಪುತ್ರಿಯ ದೀಕ್ಷಾಸ್ನಾನ. ಇನ್ನೊಂದು ಕಡೆ ಬಂಧುಗಳ ವಿರೋಧಕ್ಕೆ ಗುರಿಯಾದ ಒಬ್ಬ ಒಕ್ಕಲಿಗನ ದೀಕ್ಷಾಸ್ನಾನ. ಮೊದಲನೆಯದನ್ನು ಲೋಕವೆಲ್ಲಾ ಮಾತನಾಡಿತು. ಎರಡನೆಯದರಿಂದ ಒಂದು ಸಭೆಯು ಹುಟ್ಟಿತು.

ಅಲಮಂಡ ಮನೆಯ ಸಮೀಪದಲ್ಲಿ ಮೋಗ್ಲಿಂಗರು ನೆಲಸಿದರು. ಮಂಗಳೂರಿನಲ್ಲಿ ಅವರಿಗೆ ಅಚ್ಚುಕೂಟವಿತ್ತು, ಶಾಲೆಯಿತ್ತು, ಸಂಜೆಗೆ ಮಾತನಾಡಲು ಸ್ವದೇಶದ ಸಹೋದರರಿದ್ದರು. ಇಲ್ಲಿ ಜೂನ್ ತಿಂಗಳಿನಿಂದ ಹಿಡಿದು ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆ, ಮಳೆ ನಿಂತರೆ ಚಳಿಜ್ವರ, ಕಾಡಿನಲ್ಲಿ ಆನೆಗಳು. ಆರಾಧನೆಗೆ ಕೂಡುವವರು ಒಂದು ಮನೆಯವರು. ನಮ್ಮ ಸೀಮೆಯ ಒಳಹಳ್ಳಿಯಲ್ಲಿ ಆಷಾಢದ ದಿನಗಳನ್ನು ಕಳೆದ ಉಪದೇಶಕರಿಗೆ ಆ ಏಕಾಂತವು ಎಂಥದೆಂದು ವಿವರಿಸಿ ಹೇಳಬೇಕಾಗಿಲ್ಲ. ಪಟ್ಟಣದಲ್ಲಿ ಕೆಲಸವು ಮನುಷ್ಯನನ್ನು ಎಳೆದುಕೊಂಡು ಹೋಗುತ್ತದೆ. ಹಳ್ಳಿಯಲ್ಲಿ ಮನುಷ್ಯನೇ ಪ್ರತಿದಿನವೂ ಎದ್ದು ಕೆಲಸವನ್ನು ಆರಂಭಿಸಬೇಕು. ನೋಡುವವರಿಲ್ಲ, ಹೊಗಳುವವರಿಲ್ಲ, ತಪ್ಪಿದರೆ ಕೇಳುವವರೂ ಇಲ್ಲ. ಅಂಥ ಸ್ಥಳದಲ್ಲಿಯೇ ಒಬ್ಬನ ನಂಬಿಗಸ್ತಿಕೆಯು ಗೊತ್ತಾಗುವುದು.

ಮೋಗ್ಲಿಂಗರು ಆ ಸೀಮೆಯ ಚರಿತ್ರೆಯನ್ನೂ ಜನರ ನಡೆನುಡಿಗಳನ್ನೂ ವಿಚಾರಿಸಿ, 1855ರಲ್ಲಿ ಕೊಡಗಿನ ವಿಷಯವಾಗಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಮಡಿಕೇರಿಯಲ್ಲಿ ಶಾಲೆಯ ಕೆಲಸವೂ ಬೆಳೆಯಿತು. ಆದರೆ ಸ್ತೆಫನನ ಹಿಂದೆ ಕೊಡವರ ಮನೆಮನೆಗಳೇ ಬರುವುವೆಂದು ಯಾರಾದರೂ ಎಣಿಸಿದ್ದರೆ ಆ ಎಣಿಕೆಯು ಸುಳ್ಳಾಯಿತು. ಬಂದವರು ಬೇರೆಯೇ ಜನರು. ಅಂದು ಹೊಲೆಯರೆಂದು ಕರೆಯಲ್ಪಡುತ್ತಿದ್ದ ಜನರು, ತಲೆತಲಾಂತರದಿಂದ ಒಡೆಯರ ಗದ್ದೆಗಳಲ್ಲಿ ದುಡಿದವರು, ಬಾಗಿಲ ಹೊರಗೆ ನಿಂತವರು, ಇವರೇ ಒಬ್ಬೊಬ್ಬರಾಗಿ ಬಂದು ಕಲಿಸಿರೆಂದು ಕೇಳಿಕೊಂಡರು.

ಇಲ್ಲಿ ಒಂದು ದೊಡ್ಡ ಕಷ್ಟವು ಎದುರಾಯಿತು. ಅರಸರ ಕಾಲದಲ್ಲಿ ಈ ಜನರು ಜೀತದಾಳುಗಳಾಗಿದ್ದರು. ಕೆಲವರು ಭೂಮಿಯೊಡನೆ ಕಟ್ಟುಬಿದ್ದವರು, ಕೆಲವರು ಯಜಮಾನನಿಗೆ ಕಟ್ಟುಬಿದ್ದವರು. 1843ನೇ ಇಸವಿಯ ಕಾನೂನು ಜೀತದ ಹಕ್ಕನ್ನು ತೆಗೆದುಹಾಕಿತೇನೋ ನಿಜ. ಆದರೆ ಕಾನೂನು ಅನ್ನವನ್ನು ಕೊಡಲಿಲ್ಲ, ಗುಡಿಸಲಿಗೆ ಜಾಗವನ್ನೂ ಕೊಡಲಿಲ್ಲ. ಗುಡಿಸಲು ಒಡೆಯನ ನೆಲದಲ್ಲಿ, ಗಂಜಿಯು ಒಡೆಯನ ಕಣಜದಿಂದ, ಸಾಲವು ಒಡೆಯನ ಲೆಕ್ಕದಲ್ಲಿ ಇರುವಾಗ, ಭಾನುವಾರ ಆರಾಧನೆಗೆ ಹೋಗುವ ಸ್ವಾತಂತ್ರ್ಯವು ಎಲ್ಲಿಯದು? ದೀಕ್ಷಾಸ್ನಾನ ಕೊಟ್ಟು ಅವರನ್ನು ಅದೇ ಅಂಗಳಕ್ಕೆ ಕಳುಹಿಸಿದರೆ, ಕುರಿಗೆ ಗುರುತು ಹಾಕಿ ಕಾಡಿಗೆ ಬಿಟ್ಟಂತೆಯೇ ಸರಿ. ಉಪದೇಶವೂ ಬೇಕು, ಊರಲು ಕಾಲಡಿಯ ನೆಲವೂ ಬೇಕು.

ಆ ನೆಲವನ್ನು ಕೊಟ್ಟವರು ಆನಂದರಾವ್ ಕೌಂಡಿನ್ಯರು. ತಮ್ಮ ಪಿತ್ರಾರ್ಜಿತದಿಂದ ಬಂದ ಹಣವನ್ನು ಅವರು ತಮಗೆಂದು ಇಟ್ಟುಕೊಳ್ಳದೆ, 1850ರ ದಶಕದ ಕಡೆಯ ವರ್ಷಗಳಲ್ಲಿ ಕೊಡಗಿನ ದಕ್ಷಿಣ ಭಾಗದ ಕಾಡಿನಲ್ಲಿ ಜಮೀನು ಕೊಳ್ಳುವುದಕ್ಕೆ ಕೊಟ್ಟರು. ಕಾಡನ್ನು ಸವರಿ ಕಾಫಿ ಗಿಡಗಳನ್ನು ನೆಟ್ಟು, ಹೊಸ ವಿಶ್ವಾಸಿಗಳಿಗೆ ಮನೆ ಕಟ್ಟಿಕೊಳ್ಳಲು ಜಾಗವನ್ನೂ ಕೂಲಿಯನ್ನೂ ಒದಗಿಸಿದರು. ಆ ಊರಿಗೆ ಅವರ ಹೆಸರಿನಿಂದಲೇ ಆನಂದಪುರವೆಂಬ ಹೆಸರಾಯಿತು. ವಾಚಕರೇ, ಸ್ವಲ್ಪ ಯೋಚಿಸಿರಿ. ಮಂಗಳೂರಿನ ಬ್ರಾಹ್ಮಣ ಮನೆತನದ ಸ್ವತ್ತು, ಯಾರ ನೆರಳೂ ಆ ಮನೆಯ ಅಂಗಳಕ್ಕೆ ಬೀಳಕೂಡದೆಂದು ಎಣಿಸಲ್ಪಟ್ಟಿತ್ತೋ ಅಂಥವರ ನೆಲೆಗಾಗಿ ವೆಚ್ಚವಾಯಿತು. ಜಾತಿಯ ವಿಷಯವಾಗಿ ನೂರು ಪ್ರಸಂಗಗಳನ್ನು ಮಾಡಿದರೂ ಈ ಒಂದು ಕ್ರಯಪತ್ರಕ್ಕೆ ಸಮವಾಗಲಾರದು.

ಆನಂದಪುರದಲ್ಲಿ ದೊಡ್ಡ ಸಂಗತಿಗಳೇನೂ ನಡೆಯಲಿಲ್ಲ. ಹಿಂದೆ ಒಡೆಯನ ಹೊಲದಲ್ಲಿ ಗೆಯ್ಯುತ್ತಿದ್ದವರು ತೋಟದಲ್ಲಿ ಗೆಯ್ದು ಕೂಲಿ ಪಡೆದರು. ಅಕ್ಷರವನ್ನು ಕಂಡರಿಯದ ಮನೆಗಳ ಮಕ್ಕಳು ಓದು ಕಲಿತರು. ಈ ಸಣ್ಣ ಸಂಗತಿಗಳೇ ಆ ಸಭೆಯ ಚರಿತ್ರೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಕನ್ನಡ ಸಾಹಿತ್ಯಕ್ಕೆ ಮಾಡಿದ ಸೇವೆಗಾಗಿ 1858ರಲ್ಲಿ ಮೋಗ್ಲಿಂಗರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಾಗ, ಅವರು ಈ ಕಾಡಿನ ಸೀಮೆಯಲ್ಲಿಯೇ ಇದ್ದರು. ಪಟ್ಟಣವನ್ನು ಬಿಟ್ಟವನ ವಿದ್ಯೆಯು ವ್ಯರ್ಥವಾಗುವುದೆಂಬ ಮಾತು ಸುಳ್ಳೆಂದು ಇದರಿಂದಲೂ ತೋರುತ್ತದೆ.

ಆದರೂ ಎಲ್ಲವೂ ಸುಖವಾಗಿ ನಡೆಯಿತೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಮೋಗ್ಲಿಂಗರು ಮದುವೆಯಾದದ್ದು ತಮ್ಮ ಸ್ನೇಹಿತರಾದ ವೈಗಲ್ ಅಯ್ಯನವರ ವಿಧವೆಯಾದ ಪೌಲೀನ ಅಮ್ಮನವರನ್ನು. ವೈಗಲರು ಕನ್ನಡ ಬೈಬಲಿನ ಭಾಷಾಂತರಕ್ಕಾಗಿ ಬಹಳ ದುಡಿದು 1855ರಲ್ಲಿ ತೀರಿಹೋಗಿದ್ದರು. ಪೌಲೀನ ಅಮ್ಮನವರ ಆರೋಗ್ಯವು ಕೆಟ್ಟಿತು. 1860ರಲ್ಲಿ ಮೋಗ್ಲಿಂಗರು ಅವರನ್ನು ಕರೆದುಕೊಂಡು ಸ್ವದೇಶಕ್ಕೆ ಹೊರಟರು. ಮತ್ತೆ ಕೊಡಗಿಗೆ ಬರಲು ಅವರಿಗೆ ಸಾಧ್ಯವಾಗಲಿಲ್ಲ. ಆ ದಶಕದಲ್ಲಿಯೇ ಕಾಂಡ ಕೊರೆಯುವ ಹುಳದ ಬಾಧೆಯು ಕೊಡಗಿನ ಕಾಫಿ ತೋಟಗಳಿಗೆ ತಗಲಿ, ಬೆಳೆದು ನಿಂತ ಗಿಡಗಳು ಒಣಗಿಹೋದವು. ಎಷ್ಟೋ ಮಂದಿ ತೋಟಗಾರರು ಕೈಸುಟ್ಟುಕೊಂಡರು. ಸಭೆಯನ್ನು ನೆಟ್ಟವರು ಸಮುದ್ರದ ಆಚೆ. ಸಭೆಗೆ ಆಧಾರವೆಂದು ಎಣಿಸಿದ ಬೆಳೆಗೆ ಹುಳ. ಆನಂದಪುರವು ಇನ್ನು ಉಳಿಯಲಾರದೆಂದು ಯಾರಾದರೂ ಹೇಳಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆನಂದಪುರವು ಉಳಿಯಿತು. ಅದನ್ನು ಉಳಿಸಿದ್ದು ಡಾಕ್ಟರ್ ಪದವಿಯೂ ಅಲ್ಲ, ಕಾಫಿಯ ಲಾಭವೂ ಅಲ್ಲ. ಅಲ್ಲಿ ಗುಡಿಸಲು ಕಟ್ಟಿಕೊಂಡು, ಮಕ್ಕಳನ್ನು ಹೆತ್ತು, ತೀರಿಹೋದವರನ್ನು ಅದೇ ಮಣ್ಣಿನಲ್ಲಿ ಇಟ್ಟು, ಭಾನುವಾರದ ಗಂಟೆಗೆ ಕೂಡಿಬಂದ ಹೆಸರಿಲ್ಲದ ಒಕ್ಕಲುಗಳು ಅದನ್ನು ಉಳಿಸಿದರು. ಮೋಗ್ಲಿಂಗರು ಏಳೆಂಟು ವರ್ಷ ಮಾತ್ರ ಆ ಸೀಮೆಯಲ್ಲಿದ್ದರು. ಆ ಒಕ್ಕಲುಗಳ ಮೊಮ್ಮಕ್ಕಳೂ ಮರಿಮಕ್ಕಳೂ ಆ ಸಭೆಯನ್ನು ಮುಂದುವರಿಸಿದರು.

ಸ್ವದೇಶದಲ್ಲಿಯೂ ಮೋಗ್ಲಿಂಗರು ಕನ್ನಡ ನಾಡನ್ನು ಮರೆಯಲಿಲ್ಲ. ಕನ್ನಡ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ಪಂಡಿತರಿಗೆ ತೋರಿಸಿದರು. 1866ರಲ್ಲಿ ಕೊಡಗನ್ನೂ ಅಲ್ಲಿಯ ಸಭೆಯನ್ನೂ ಕುರಿತು ಪುಸ್ತಕವು ಹೊರಟಿತು. 1872ರಲ್ಲಿ ಗುಂಡರ್ಟ್ ಅಯ್ಯನವರೊಡನೆ ಸೇರಿ, ಮಂಗಳೂರಿಗೆ ಮೊದಲು ಬಂದವರಲ್ಲೊಬ್ಬರಾದ ಹೇಬಿಕ್ ಅಯ್ಯನವರ ಜೀವನಚರಿತ್ರೆಯನ್ನು ಬರೆದರು. 1881ನೇ ಇಸವಿಯ ಮೇ ತಿಂಗಳಲ್ಲಿ ಎಸ್ಲಿಂಗೆನ್ ಎಂಬ ಊರಿನಲ್ಲಿ ತಮ್ಮ ಎಪ್ಪತ್ತನೆಯ ವರ್ಷಕ್ಕೆ ಕೆಲವು ದಿನಗಳು ಉಳಿದಿರುವಾಗ ಕರ್ತನಲ್ಲಿ ನಿದ್ರೆಹೋದರು. ಅವರ ಶಿಷ್ಯರಾದ ಕೌಂಡಿನ್ಯರು 1893ರ ವರೆಗೆ ಈ ದೇಶದಲ್ಲಿಯೇ ಸೇವೆ ಮಾಡಿ ತಮ್ಮ ಓಟವನ್ನು ಮುಗಿಸಿದರು.

ಈ ಚರಿತ್ರೆಯಿಂದ ಶಿಕಾರಿಪುರ ಸೊರಬಗಳ ಹಳ್ಳಿಯ ಸಭೆಗಳು ಏನನ್ನು ಕಲಿಯಬಹುದು? ಮೊದಲನೆಯದು, ಸಭೆಯು ಸಣ್ಣದೆಂಬುದು ಕೆಲಸವನ್ನು ಬಿಡುವುದಕ್ಕೆ ಕಾರಣವಲ್ಲ. ಗುಂಪನ್ನು ಎಣಿಸಿ ಏರ್ಪಡಿಸಿದ ಮಲಸಮುದ್ರವು ಕುಗ್ಗಿತು. ಒಬ್ಬನ ಹಿಂದೆ ಹೋದ ದಾರಿಯು ಆನಂದಪುರಕ್ಕೆ ಮುಟ್ಟಿತು. ಎರಡನೆಯದು, ಹಳ್ಳಿಯ ಸಭೆಯು ನಿಲ್ಲಬೇಕಾದರೆ ಹಾಡು ಪ್ರಾರ್ಥನೆಗಳೊಂದಿಗೆ ಹೊಲ, ಕೂಲಿ, ಸಾಲ, ಮಕ್ಕಳ ಓದು ಇವುಗಳ ಚಿಂತೆಯನ್ನೂ ಸಭೆಯು ಹೊರಬೇಕು. ನೆರೆಯವನ ಗದ್ದೆಯ ಕಾಗದ ಬಡ್ಡಿಗೆ ಹೋಗುವಾಗ ಸುಮ್ಮನಿರುವ ಸಭೆಯು ಭಾನುವಾರ ಎಷ್ಟು ಗಟ್ಟಿಯಾಗಿ ಹಾಡಿದರೇನು? ಮೂರನೆಯದು, ಒಂದೇ ಮೇಜಿನ ರೊಟ್ಟಿಯನ್ನು ತೆಗೆದುಕೊಂಡು ಮನೆಗೆ ಹೋದ ಮೇಲೆ ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಕೆಟ್ಟ ವಾಡಿಕೆಯು ನಮ್ಮಲ್ಲಿ ಎಲ್ಲಿಯಾದರೂ ಉಳಿದಿದ್ದರೆ, ಕೌಂಡಿನ್ಯರ ನೆನಪಿನ ಮುಂದೆ ನಾವು ನಾಚಬೇಕು.

ಕಡೆಯದಾಗಿ, ಬೋಧಕರು ಬರುತ್ತಾರೆ, ಹೋಗುತ್ತಾರೆ. ಅವರಲ್ಲಿ ಉತ್ತಮರಾದವರೂ ಒಂದು ದಿನ ಹೋಗಲೇಬೇಕು. ಊರಿನಲ್ಲಿ ಉಳಿಯುವವರು ನೀವು. ದೀಪಕ್ಕೆ ಎಣ್ಣೆ ಹಾಕುವ ಮುದುಕಿಯೂ, ಮಕ್ಕಳಿಗೆ ಪಾಠ ಹೇಳುವ ಹುಡುಗಿಯೂ, ಕೆಸರಿನ ಕಾಲನ್ನು ತೊಳೆದುಕೊಂಡು ಆರಾಧನೆಗೆ ಬಂದು ಕುಳಿತುಕೊಳ್ಳುವ ಒಕ್ಕಲಿಗನೂ ಸಭೆಗೆ ಕಂಬಗಳು. ಬಳ್ಳಿಗಾವಿಯ ಕಲ್ಲು ಅನ್ನವಿಕ್ಕಿದವರ ಸುದ್ದಿಯನ್ನು ಎಂಟು ನೂರು ವರ್ಷಗಳಿಂದ ಹೊತ್ತು ನಿಂತಿದೆ. ನಮ್ಮ ಸಭೆಗಳ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತದೆ ಇರಬಹುದು. ಆದರೆ ಮೂಲೆಯ ಊರನ್ನೂ ಅಲ್ಲಿಯ ನಾಲ್ಕು ಮನೆಗಳನ್ನೂ ಹೆಸರು ಹಿಡಿದು ಬಲ್ಲ ಕರ್ತನಿಗೆ ಕಲ್ಲಿನ ಬರಹವು ಬೇಕಾಗಿಲ್ಲ. ಆದಕಾರಣ ಪ್ರಿಯರೇ, ಇದ್ದ ಊರಿನಲ್ಲಿ ಧೈರ್ಯವಾಗಿ ನಿಂತು, ಕೈಗೆ ಬಂದ ಕೆಲಸವನ್ನು ಪೂರ್ಣ ಮನಸ್ಸಿನಿಂದ ಮಾಡುವವರಾಗಿರೋಣ.